ಆದಿವಾಕ್ಯದ ಲಿಂಗವಿಚಾರ: ಯೋಹಾನನ ಸುವಾರ್ತೆಯ ಪ್ರಥಮ ವಚನ ಮತ್ತು ಕನ್ನಡ ಅನುವಾದಕರು

ಹತ್ತೊಂಬತ್ತನೆಯ ಶತಮಾನದ ಕ್ರೈಸ್ತ ಮಿಷನರಿಗಳು ರಚಿಸಿದ ಕನ್ನಡ ಗದ್ಯವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಎರಡು ಬಗೆಯಾಗಿ ಕಂಡಿವೆ. ನಿಘಂಟು, ವ್ಯಾಕರಣ ಮತ್ತು ಪ್ರಾಚೀನ ಕಾವ್ಯಗಳ ಮುದ್ರಣಕ್ಕಾಗಿ ಅವರಿಗೆ ಮನ್ನಣೆ ದೊರೆತಿದೆ. ಅವರ ಬೈಬಲ್ ಭಾಷಾಂತರವಾದರೋ ‘ಪಾದ್ರಿಗಳ ಕನ್ನಡ’ವೆಂಬ ಹಗುರವಾದ ಮಾತಿಗೆ ಗುರಿಯಾಗಿದೆ. ಆ ಗದ್ಯದ ತೊಡಕುಗಳಿಗೆಲ್ಲ ಪರದೇಶೀಯರ ಭಾಷಾಜ್ಞಾನದ ಕೊರತೆಯೇ ಕಾರಣವೆಂಬ ತೀರ್ಮಾನವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಒಂದೇ ಒಂದು ವಚನವನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯೋಹಾನನ ಸುವಾರ್ತೆಯ ಪ್ರಥಮ ವಚನದಲ್ಲಿ ಮೂರು ಹೇಳಿಕೆಗಳಿವೆ. ಆದಿಯಲ್ಲಿ ‘ಲೋಗೋಸ್’ ಇದ್ದುದು, ಅದು ದೇವರ ಸನ್ನಿಧಿಯಲ್ಲಿದ್ದುದು, ಅದು ದೈವವೇ ಆಗಿದ್ದುದು ಇವೇ ಆ ಮೂರು. ಮೂಲದ ಭಾಷೆ ಗ್ರೀಕ್. ‘ಎನ್ ಆರ್ಖೇ’ ಎಂಬ ಆರಂಭದ ಪದಗಳು ಹೀಬ್ರೂ ಆದಿಕಾಂಡದ ಮೊದಲ ಪದವಾದ ‘ಬೆರೇಶೀತ್’ ಎಂಬುದರ ಪ್ರಾಚೀನ ಗ್ರೀಕ್ ಅನುವಾದವೇ ಆಗಿವೆ. ಆದುದರಿಂದ ಸೃಷ್ಟಿಕಥೆಯನ್ನು ಓದುಗರ ನೆನಪಿಗೆ ತರುವುದು ಗ್ರಂಥಕರ್ತನ ಸಂಕಲ್ಪವೆಂಬುದು ಸ್ಪಷ್ಟ. ಆ ಕಥೆಯಲ್ಲಿ ದೇವರು ನುಡಿಯುತ್ತಾನೆ, ನುಡಿದುದು ಆಗುತ್ತದೆ. ಹೀಬ್ರೂವಿನ ‘ದಾವಾರ್’ ಎಂಬ ಪದಕ್ಕೆ ಮಾತು ಎಂಬ ಅರ್ಥವಿರುವಂತೆಯೇ ಸಂಗತಿ, ಕಾರ್ಯ ಎಂಬ ಅರ್ಥಗಳೂ ಉಂಟು. ಗ್ರೀಕಿನ ‘ಲೋಗೋಸ್’ ಬೇರೊಂದು ಪರಂಪರೆಯನ್ನು ಹೊತ್ತು ಬಂದ ಶಬ್ದ. ಕ್ರಿ.ಪೂ. 500ರ ಸುಮಾರಿನಲ್ಲಿ ಎಫೆಸಸ್ಸಿನ ಹೆರಾಕ್ಲೀಟಸನು ಅದನ್ನು ಜಗತ್ತಿನ ನಿಯಾಮಕ ತತ್ತ್ವವೆಂಬ ಅರ್ಥದಲ್ಲಿ ಬಳಸಿದನು. ಸ್ಟೋಯಿಕರು ಅದನ್ನು ವಿಶ್ವವ್ಯಾಪಿಯಾದ ವಿವೇಕವೆಂದರು. ಕ್ರಿಸ್ತಶಕ ಒಂದನೆಯ ಶತಮಾನದ ಅಲೆಕ್ಸಾಂಡ್ರಿಯದ ಯಹೂದ್ಯ ಪಂಡಿತ ಫೈಲೋ ಈ ಎರಡು ಪರಂಪರೆಗಳನ್ನೂ ಬೆಸೆಯಲು ಯತ್ನಿಸಿದನು.

ಇಂತಹ ಶಬ್ದಕ್ಕೆ ಕನ್ನಡದಲ್ಲಿ ಸಮಾನಪದವಾವುದು? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದನು. ಅವನೂ ವಿಲಿಯಂ ರೀವ್ ಮೊದಲಾದವರೂ ದುಡಿದುದರ ಫಲವಾಗಿ 1831ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಪರಿಷ್ಕರಣಕಾರ್ಯದಲ್ಲಿ ತೊಡಗಿದರು. ಈ ಪರಂಪರೆಯಲ್ಲಿ ನೆಲೆಗೊಂಡ ಪದ ‘ವಾಕ್ಯ’. ‘ಮಾತು’, ‘ನುಡಿ’ ಎಂಬ ದೇಶ್ಯಪದಗಳು ದಿನಬಳಕೆಯವು, ‘ವಚನ’ವೆಂದರೆ ಕನ್ನಡಿಗರಿಗೆ ಶಿವಶರಣರ ಸಾಹಿತ್ಯವೇ ಮೊದಲು ಹೊಳೆಯುತ್ತದೆ, ‘ಶಬ್ದ’ದಲ್ಲಿ ಧ್ವನಿಯ ಅರ್ಥವೂ ಸೇರಿದೆ. ‘ವಾಕ್ಯ’ವು ವೈಯಾಕರಣರ ಪರಿಭಾಷೆಯಾಗಿದ್ದರೂ ವೇದಾಂತದ ‘ಮಹಾವಾಕ್ಯ’ದ ಗೌರವವನ್ನು ಪಡೆದಿದೆ.

ಪದವೊಂದು ದೊರೆತಮಾತ್ರಕ್ಕೆ ಸಮಸ್ಯೆ ಪರಿಹಾರವಾಗಲಿಲ್ಲ. ನಿಜವಾದ ತೊಡಕು ಕ್ರಿಯಾಪದದಲ್ಲಿತ್ತು. ಸಂಸ್ಕೃತದಲ್ಲಿ ‘ಶಬ್ದ’ ಪುಲ್ಲಿಂಗ, ‘ವಾಕ್’ ಸ್ತ್ರೀಲಿಂಗ, ‘ವಾಕ್ಯ’ ನಪುಂಸಕಲಿಂಗ. ಕನ್ನಡದಲ್ಲಿ ಈ ಭೇದ ನಿಲ್ಲುವುದಿಲ್ಲ. ಕನ್ನಡದ ಲಿಂಗವ್ಯವಸ್ಥೆ ಪ್ರಧಾನವಾಗಿ ಅರ್ಥವನ್ನು ಅನುಸರಿಸುತ್ತದೆಂಬುದನ್ನು ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಿರೂಪಿಸಿದ್ದಾನೆ. ಆ ಗ್ರಂಥವನ್ನೇ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಪ್ರಕಟಿಸಿದನು. ಮಾತು ಮನುಷ್ಯನಲ್ಲ, ಆದುದರಿಂದ ‘ಇತ್ತು’ ಎನ್ನಬೇಕು. ಆದರೆ ಅದೇ ಅಧ್ಯಾಯದ ಹದಿನಾಲ್ಕನೆಯ ವಚನದಲ್ಲಿ ಈ ವಾಕ್ಯವು ಶರೀರಧಾರಿಯಾಗುತ್ತದೆ. ಯೇಸುವು ಅನಾದಿಯಾದ ವ್ಯಕ್ತಿಯೋ, ಕಾಲಾಂತರದಲ್ಲಿ ಸೃಷ್ಟಿಸಲ್ಪಟ್ಟವನೋ ಎಂಬ ವಿವಾದದ ಮೇಲೆ 325ರಲ್ಲಿ ನೈಸಿಯದ ಪರಿಷತ್ತೇ ಸೇರಿತ್ತು. ಹೀಗಿರುವಲ್ಲಿ ‘ಇತ್ತು’ ಎಂಬುದಕ್ಕೂ ‘ಇದ್ದನು’ ಎಂಬುದಕ್ಕೂ ನಡುವೆ ಇರುವುದು ಕೇವಲ ಪ್ರತ್ಯಯಭೇದವಲ್ಲ.

ಗ್ರೀಕ್ ಮೂಲವು ಇಲ್ಲಿ ಏನನ್ನು ಹೇಳುತ್ತದೆ? ‘ಏನ್’ ಎಂಬ ಕ್ರಿಯಾಪದದಲ್ಲಿ ಲಿಂಗಸೂಚನೆಯೇ ಇಲ್ಲ. ಎರಡನೆಯ ವಚನದ ‘ಹೂಟೋಸ್’ ಎಂಬ ಸರ್ವನಾಮ ಪುಲ್ಲಿಂಗವಾದರೂ, ಲೋಗೋಸ್ ವ್ಯಾಕರಣದೃಷ್ಟಿಯಿಂದ ಪುಲ್ಲಿಂಗವಾದುದರಿಂದ ಅದರಿಂದಲೇ ವ್ಯಕ್ತಿತ್ವವು ಸಿದ್ಧವಾಗದು. ಮೂರನೆಯ ವಚನದ ‘ಔಟೂ’ ಎಂಬ ರೂಪ ಪುಲ್ಲಿಂಗ ನಪುಂಸಕಗಳೆರಡಕ್ಕೂ ಸಮಾನ. ಐದನೆಯ ವಚನದಲ್ಲಿ ಬೆಳಕನ್ನು ಕುರಿತು ‘ಔಟೊ’ ಎಂಬ ನಪುಂಸಕ ರೂಪ ಬಂದಿದೆ. ಹತ್ತನೆಯ ವಚನದಲ್ಲಿ ಪ್ರಸ್ತಾಪ ಬೆಳಕಿನದೇ ಆಗಿದ್ದರೂ ‘ಔಟೊನ್’ ಎಂಬ ಪುಲ್ಲಿಂಗ ರೂಪ ಬರುತ್ತದೆ. ವ್ಯಾಕರಣದ ಅನ್ವಯವನ್ನು ಮೀರಿ ವ್ಯಕ್ತಿಯೊಬ್ಬನು ಕಾಣಿಸಿಕೊಳ್ಳುವುದು ಇಲ್ಲಿ. ಮೂಲದ ಓದುಗನಿಗೆ ವ್ಯಕ್ತಿಯ ದರ್ಶನ ಮೆಲ್ಲಮೆಲ್ಲನೆ ಆಗುತ್ತದೆ. ಕನ್ನಡದ ಓದುಗನಿಗಾದರೋ ಮೊದಲ ಕ್ರಿಯಾಪದದಲ್ಲಿಯೇ ಅದು ನಿರ್ಣಯವಾಗಿಬಿಡಬೇಕು.

ಈ ಇಕ್ಕಟ್ಟು ಕನ್ನಡಕ್ಕೆ ಮಾತ್ರ ಒದಗಿದುದಲ್ಲ. ಲ್ಯಾಟಿನ್ನಿನ ‘ವೆರ್ಬುಮ್’ ನಪುಂಸಕ. 1519ರಲ್ಲಿ ಎರಾಸ್ಮಸನು ಅದರ ಸ್ಥಾನದಲ್ಲಿ ಪುಲ್ಲಿಂಗದ ‘ಸೆರ್ಮೊ’ ಪದವನ್ನು ಬಳಸಿದಾಗ ದೊಡ್ಡ ವಿವಾದವೇ ಎದ್ದಿತು. ಇಂಗ್ಲಿಷಿನಲ್ಲಿ ಟಿಂಡೇಲನು 1526ರಲ್ಲಿ ಮೂರನೆಯ ವಚನಕ್ಕೆ ‘ಅದರಿಂದ’ ಎಂಬರ್ಥದ ಸರ್ವನಾಮವನ್ನು ಇಟ್ಟನು. 1611ರ ಅನುವಾದದಲ್ಲಿ ಅದು ‘ಅವನಿಂದ’ ಎಂದಾಯಿತು. ಸಿರಿಯಾಕ್ ಭಾಷೆಯ ‘ಮೆಲ್ತಾ’ ಸ್ತ್ರೀಲಿಂಗಪದ. ಆದರೂ ಅಲ್ಲಿಯ ಪ್ರಮಾಣ ಅನುವಾದವಾದ ಪೆಶಿತ್ತಾದಲ್ಲಿ ಇದೇ ಪದಕ್ಕೆ ಪುಲ್ಲಿಂಗಕ್ರಿಯೆಯನ್ನು ಹೊಂದಿಸಲಾಗಿದೆ.

ನೆರೆಯ ಭಾಷೆಗಳ ಮಾರ್ಗವೂ ಪರಿಶೀಲನಾರ್ಹ. 1882ರಲ್ಲಿ ಆಂಗ್ಲೋ-ಇಂಡಿಯನ್ನರ ನೆಲಸುನಾಡಾಗಿ ಸ್ಥಾಪಿತವಾದ ವೈಟ್‌ಫೀಲ್ಡ್ ಈಗ ಉದ್ಯಮಗಳ ಬೀಡಾಗಿದೆ. ಅಲ್ಲಿಯೂ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳಲ್ಲಿಯೂ ಕನ್ನಡ, ತಮಿಳು, ತೆಲುಗು, ಮಲಯಾಳಂ ಮಾತನಾಡುವ ಜನ ಅಕ್ಕಪಕ್ಕದಲ್ಲಿಯೇ ಬಾಳುತ್ತಿರುವುದರಿಂದ, ಈ ತೌಲನಿಕ ಅಧ್ಯಯನಕ್ಕೆ ನಮ್ಮ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ತಮಿಳಿನ ಪ್ರಚಲಿತ ಅನುವಾದವು ‘ವಾರ್ತ್ತೈ’ ಎಂಬ ಪದಕ್ಕೆ ನಪುಂಸಕಕ್ರಿಯೆಯನ್ನೇ ಬಳಸಿದೆ. ಮಲಯಾಳದ ಕ್ರಿಯಾಪದಗಳಲ್ಲಿ ಲಿಂಗಸೂಚನೆ ಅಳಿದುಹೋಗಿರುವುದರಿಂದ ‘ವಚನಂ’ ಎಂಬ ಪದದೊಡನೆ ಪ್ರಶ್ನೆಯೇ ಏಳದು. ತೆಲುಗಿನ ‘ಉಂಡೆನು’ ಎಂಬ ರೂಪ ಪುಲ್ಲಿಂಗ ನಪುಂಸಕಗಳೆರಡಕ್ಕೂ ಸಲ್ಲುವುದರಿಂದ ಅದು ಗ್ರೀಕಿನಂತೆಯೇ ನಿರ್ಣಯವನ್ನು ಮುಂದೂಡಬಲ್ಲದು.

ಬೈಬಲ್ ಸೊಸೈಟಿಯ ಹಳೆಯ ಕನ್ನಡ ಅನುವಾದವು ಇದಾವುದನ್ನೂ ಅನುಸರಿಸದೆ ‘ವಾಕ್ಯವೆಂಬವನು’ ಎಂಬ ರೂಪವನ್ನು ಕೊಟ್ಟಿದೆ. ‘ವಾಕ್ಯವು ಇದ್ದನು’ ಎಂದಿದ್ದರೆ ಕೇಶಿರಾಜನ ಶಿಷ್ಯರು ಲಿಂಗದೋಷವೆನ್ನುತ್ತಿದ್ದರು. ‘ಇತ್ತು’ ಎಂದಿದ್ದರೆ ವ್ಯಕ್ತಿ ಮರೆಯಾಗುತ್ತಿದ್ದನು. ‘ಎಂಬವನು’ ಎಂಬುದನ್ನು ನಾವು ಸಾಮಾನ್ಯವಾಗಿ ಅಂಕಿತನಾಮಗಳಿಗೆ ಹಚ್ಚುತ್ತೇವೆ. ಅದನ್ನು ಸೇರಿಸಿದೊಡನೆ ವಾಕ್ಯವು ವಸ್ತುವಾಚಕವಾಗಿ ಉಳಿಯದೆ ಒಬ್ಬನ ಹೆಸರಾಗುತ್ತದೆ. ನಮ್ಮ ರೈತರು ಬರಿಯ ಮಳೆಗೆ ‘ಬಂತು’ ಎಂದು, ಮಳೆರಾಯನಿಗೆ ‘ಬಂದ’ ಎಂದು ಹೇಳುವ ಕ್ರಮಕ್ಕೂ ಇದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಈಚಿನ ಸಾಮಾನ್ಯ ಭಾಷೆಯ ಅನುವಾದದಲ್ಲಿ ‘ದಿವ್ಯವಾಣಿ’ ಎಂಬ ಪದಕ್ಕೆ ‘ಎಂಬವರು’ ಸೇರಿ ಕ್ರಿಯಾಪದ ಗೌರವ ಬಹುವಚನದಲ್ಲಿದೆ. ಈ ಬಹುವಚನ ಪುರುಷನೋ ಸ್ತ್ರೀಯೋ ಎಂದು ಹೇಳದೆ ವ್ಯಕ್ತಿಯೆಂದಷ್ಟೇ ಹೇಳುತ್ತದೆ.

ಈ ಪರಿಹಾರಗಳಲ್ಲಿ ನಷ್ಟವೇ ಇಲ್ಲವೆನ್ನಲಾಗದು. ಹತ್ತನೆಯ ವಚನದವರೆಗೆ ಮೂಲವು ಕಾದಿಟ್ಟುದನ್ನು ಕನ್ನಡವು ಮೊದಲಲ್ಲಿಯೇ ಬಿಚ್ಚಿಟ್ಟಿತು. ಸಾಮೀಪ್ಯವನ್ನಷ್ಟೇ ಅಲ್ಲದೆ ಅಭಿಮುಖತೆಯನ್ನೂ ಧ್ವನಿಸಬಲ್ಲ ‘ಪ್ರೋಸ್’ ಎಂಬ ಗ್ರೀಕ್ ಅವ್ಯಯವು ‘ಬಳಿಯಲ್ಲಿ’ ಎಂಬುದರಲ್ಲಿ ಬರಿಯ ಸಾಮೀಪ್ಯವಾಗಿ ಉಳಿಯಿತು. ಆದರೆ ಈ ತೊಡಕು ಹುಟ್ಟಿದುದು ಅನುವಾದಕರ ಅಜ್ಞಾನದಿಂದಲ್ಲ, ವ್ಯಕ್ತಿಗೂ ವಸ್ತುವಿಗೂ ಇರುವ ಭೇದವನ್ನು ಕ್ರಿಯಾಪದದಲ್ಲಿಯೇ ಕೇಳುವ ಕನ್ನಡದ ಸ್ವಭಾವದಿಂದ. ಆ ಪ್ರಶ್ನೆಗೆ ಅವರು ಕನ್ನಡದ ಒಳಗಿನಿಂದಲೇ ಉತ್ತರವನ್ನು ಹುಡುಕಿದರು. ಆದುದರಿಂದ ಈ ಗದ್ಯದಲ್ಲಿ ಒರಟಾಗಿ ಕಾಣುವ ಪ್ರಯೋಗಗಳನ್ನು ದೋಷವೆಂದು ತಳ್ಳಿಹಾಕುವ ಮೊದಲು, ಮೂಲದ ಶಬ್ದವನ್ನೂ ನಮ್ಮ ವ್ಯಾಕರಣವನ್ನೂ ಜೊತೆಯಲ್ಲಿಟ್ಟು ನೋಡುವುದು ವಿದ್ಯಾರ್ಥಿಗಳಿಗೆ ಅವಶ್ಯಕ. ‘ಎಂಬವನು’ ಎಂಬ ಒಂದು ಪದದಲ್ಲಿ ಒಂದು ವ್ಯಾಖ್ಯಾನವೇ ಅಡಗಿದೆ.