ಕಾಳಗದ ಮೀನು ಚೆಲುವಿನ ಸ್ಪರ್ಧೆಗೆ ಬಂದದ್ದು ಹೇಗೆ?



ಕಳೆದ ಮಳೆಗಾಲದಲ್ಲಿ ನಮ್ಮ ಏಳನೇ ತರಗತಿಯ ಹುಡುಗನೊಬ್ಬ ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದು ನೀಲಿ ಮೀನು ತಂದ. ಎರಡು ದಿನ ಕಳೆದು ಇನ್ನೊಬ್ಬ ಕೆಂಪು ಮೀನು ತಂದ. ಊಟದ ಬಿಡುವಿನಲ್ಲಿ ಗಲಾಟೆ ಕೇಳಿ ನಾವು ಹೋಗಿ ನೋಡುವಾಗ ಎರಡನ್ನೂ ಒಂದೇ ಬಕೆಟಿಗೆ ಬಿಟ್ಟಾಗಿತ್ತು. ಸುತ್ತ ಮೂವತ್ತು ಮಕ್ಕಳು. ಪಣಕ್ಕೆ ಒಂದು ಹೊಸ ಪೆನ್ನು. ನಾವು ಕೈಹಾಕಿ ಬೇರೆ ಮಾಡುವಷ್ಟರಲ್ಲಿ ಕೆಂಪು ಮೀನಿನ ಬಾಲ ಹರಿದು ಚಿಂದಿಯಾಗಿತ್ತು. ಗದರಿಸಿದೆವು. ಆಗ ಒಬ್ಬ ಮೆಲ್ಲಗೆ, "ಮಾಷ್ಟ್ರೇ, ಕೋಳಿ ಅಂಕಕ್ಕೆ ದೊಡ್ಡವರೆಲ್ಲ ಹೋಗುತ್ತಾರಲ್ಲ?" ಎಂದು ಕೇಳಿದ. ನಮ್ಮಲ್ಲಿ ಉತ್ತರ ಇರಲಿಲ್ಲ. ಕಾಸರಗೋಡಿನ ಗಾಳಿಯಲ್ಲಿ ಬೆಳೆದ ಯಾರಲ್ಲೂ ಆ ಪ್ರಶ್ನೆಗೆ ಸಲೀಸಾದ ಉತ್ತರ ಇರಲಾರದು.

ಆ ಮೀನನ್ನು ಅಂಗಡಿಯವರು ಫೈಟರ್ ಎನ್ನುತ್ತಾರೆ. ಪುಸ್ತಕದಲ್ಲಿ ಬೆಟ್ಟಾ. ಅದರ ಚರಿತ್ರೆ ಹುಡುಕುತ್ತಾ ಹೋದಾಗ ಒಂದು ವಿಷಯ ನಮ್ಮ ಗಮನ ಸೆಳೆಯಿತು. ಕಾದಾಡಲೆಂದು ಸಾಕಿದ ಮೀನನ್ನು ಜನರು ಮುಂದೆ ಅಂಕ ಕೊಟ್ಟು ನೋಡುವ ಮೀನನ್ನಾಗಿ ಮಾಡಿಕೊಂಡರು. ಇದು ಒಂದು ದಿನದಲ್ಲಿ ಆದ ಮಾತಲ್ಲ.

ಇದರ ತವರು ಸಯಾಂ, ಅಂದರೆ ಇಂದಿನ ಥಾಯ್ಲೆಂಡ್. ಅಲ್ಲಿನವರು ಇದನ್ನು ಪ್ಲಾ ಕಾಟ್ ಎನ್ನುತ್ತಾರೆ, ಕಚ್ಚುವ ಮೀನು ಎಂದರ್ಥ. ಗದ್ದೆ, ಕೆಸರುಗುಂಡಿ, ನಿಂತ ನೀರಿನ ಹೊಂಡಗಳಲ್ಲಿ ಇದರ ವಾಸ. ತಲೆಯೊಳಗೆ ಸುರುಳಿಸುರುಳಿಯಾದ ಒಂದು ಅಂಗ ಇರುವುದರಿಂದ ನೀರಿನ ಮೇಲಕ್ಕೆ ಬಂದು ನೇರ ಗಾಳಿಯನ್ನೇ ಉಸಿರಾಡಬಲ್ಲದು. (ನಮ್ಮ ಕರಾವಳಿಯ ಗದ್ದೆ ತೋಡುಗಳಲ್ಲೂ ಇದೇ ಕುಟುಂಬದ ಒಂದು ಸಣ್ಣ ಕಂದುಮೀನು ಇದೆ. ಅದೂ ನೊರೆಗುಳ್ಳೆಯ ಗೂಡು ಕಟ್ಟುತ್ತದೆ. ಮಕ್ಕಳು ಅದನ್ನು ಹಿಡಿದು ಬಿಟ್ಟುಬಿಡುತ್ತಾರೆ, ಬಣ್ಣ ಇಲ್ಲವಲ್ಲ!) ಗಂಡು ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದರೆ ಬಿಡುವುದಿಲ್ಲ. ಈ ಸ್ವಭಾವವನ್ನೇ ಹಿಡಿದು ಜನ ಅದನ್ನು ಸಾಕಿದರು. 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಈ ಸಾಕಣೆ ಕಡಿಮೆಯೆಂದರೂ ಸಾವಿರ ವರ್ಷ ಹಳೆಯದು ಎಂದು ಲೆಕ್ಕ ಹಾಕಿದೆ. ನಮ್ಮಲ್ಲಿ ನಾಯಿ, ದನ, ಕೋಳಿಗಳ ಮಾತು ಬಂದಾಗ ಮಾತ್ರ ಇಂಥ ಲೆಕ್ಕ ಕೇಳಿದ್ದೆವು.

1840ರಲ್ಲಿ ಸಯಾಮಿನ ಅರಸ ಮೂರನೇ ರಾಮ ಇಂಥ ಕೆಲವು ಮೀನುಗಳನ್ನು ತನ್ನ ಪರಿಚಿತನೊಬ್ಬನಿಗೆ ಕೊಟ್ಟನಂತೆ. ಅವನ ಮೂಲಕ ಅವು ಥಿಯೊಡೋರ್ ಕ್ಯಾಂಟರ್ ಎಂಬ ಡೆನ್ಮಾರ್ಕಿನ ವೈದ್ಯನ ಕೈಸೇರಿದವು. ಈತ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ವೈದ್ಯಕೀಯ ಸೇವೆಯಲ್ಲಿದ್ದವನು. ಮೀನಿನ ಬಗ್ಗೆ ಅವನು ಬರೆದ ವಿವರ ಅಚ್ಚಾದದ್ದು ಕಲ್ಕತ್ತೆಯಲ್ಲಿ, 1849ರಲ್ಲಿ. ಮೀನುಕಾಳಗ ನಡೆಸುವ ಪರವಾನಗಿಯನ್ನು ಗುತ್ತಿಗೆಗೆ ಕೊಟ್ಟು ಅದರಿಂದ ಅರಸನಿಗೆ ಗಣನೀಯ ಆದಾಯ ಬರುತ್ತಿತ್ತು ಎಂದೂ ಅವನು ದಾಖಲಿಸಿದ್ದಾನೆ. ಕಳ್ಳಿನ ಗುತ್ತಿಗೆಯಂತೆ ಮೀನಿನ ಜಗಳಕ್ಕೂ ಗುತ್ತಿಗೆ!

ಕ್ಯಾಂಟರ್ ಆ ಮೀನಿನ ಹೆಸರಿಗೆ ಸೇರಿಸಿದ ಪದ ಪುಗ್ನಾಕ್ಸ್, ಲ್ಯಾಟಿನ್‌ನಲ್ಲಿ ಜಗಳಗಂಟ. ಆದರೆ ಆ ಹೆಸರು ಬೇರೊಂದು ಜಾತಿಯ ಮೀನಿಗೆ ಸೇರಿದ್ದೆಂದು ಬ್ರಿಟಿಷ್ ಮ್ಯೂಸಿಯಮ್ಮಿನ ಚಾರ್ಲ್ಸ್ ಟೇಟ್ ರೀಗನ್ ಕಂಡುಕೊಂಡ. 1910ರಲ್ಲಿ ಹೊಸ ಹೆಸರು ಕೊಟ್ಟ: ಬೆಟ್ಟಾ ಸ್ಪ್ಲೆಂಡೆನ್ಸ್. ಸ್ಪ್ಲೆಂಡೆನ್ಸ್ ಎಂದರೆ ಹೊಳೆಯುವಂಥದ್ದು. ಜಗಳಗಂಟ ಹೋಗಿ ಹೊಳೆಯುವವನು ಬಂದ. ರೀಗನ್ ಹೀಗೆಲ್ಲ ಯೋಚಿಸಿರಲಿಕ್ಕಿಲ್ಲ, ಆದರೆ ಮೀನಿನ ಮುಂದಿನ ಕಥೆಗೆ ಈ ಹೆಸರೇ ತಕ್ಕದ್ದಾಯಿತು.

ಅಷ್ಟರಲ್ಲಿ ಮೀನು ಫ್ರಾನ್ಸ್, ಜರ್ಮನಿಗಳಿಗೆ ಹೋಗಿಯಾಗಿತ್ತು. 1927ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಫ್ರಾಂಕ್ ಲಾಕ್ ತರಿಸಿದ ಮೀನುಗಳಲ್ಲಿ ಕೆಲವಕ್ಕೆ ಬಿಳಿಚಿದ ಮೈ, ಕೆಂಪು ರೆಕ್ಕೆ ಇದ್ದವು. ಅದೊಂದು ಬೇರೆ ಜಾತಿ ಎಂದೇ ತಿಳಿದು ಹೊಸ ಹೆಸರಿಟ್ಟನಂತೆ. ಜಾತಿ ಬೇರೆಯಲ್ಲ, ಬಣ್ಣ ಮಾತ್ರ ಬೇರೆ. ಇಂದಿಗೂ ಆ ಬಣ್ಣದ ಮೀನಿಗೆ ಕಾಂಬೋಡಿಯನ್ ಎನ್ನುತ್ತಾರೆ. 1960ರ ಸುಮಾರಿಗೆ ಅಮೆರಿಕದ ವಾರೆನ್ ಯಂಗ್ ಜೋಲುರೆಕ್ಕೆಯ ಒಂದು ತಳಿ ಬೆಳೆಸಿ ಅದಕ್ಕೆ ಹೆಂಡತಿಯ ಹೆಸರಿಟ್ಟ. 1966ರಲ್ಲಿ ಅಂತರರಾಷ್ಟ್ರೀಯ ಬೆಟ್ಟಾ ಕಾಂಗ್ರೆಸ್ ಎಂಬ ಸಂಘ ಹುಟ್ಟಿತು. ತೀರ್ಪಿಗೊಂದು ಬರಹದ ನಿಯಮ ಬಂದದ್ದು ಹೀಗೆ.

ಈ ತೀರ್ಪಿನ ಕೆಲಸ ನೋಡಿದರೆ ಕಲೋತ್ಸವದಲ್ಲಿ ತೀರ್ಪುಗಾರರಾಗಿ ಕುಳಿತು ಅಪೀಲುಗಳ ಬಿಸಿ ಉಂಡ ನಮ್ಮಂಥವರಿಗೆ ಅಸೂಯೆ ಆಗುತ್ತದೆ. ಅಲ್ಲಿ ಕೋನವನ್ನು ಅಳೆಯಬಹುದು!

ಮೀನುಗಳನ್ನು ಒಂದೊಂದು ಗಾಜಿನ ಪಾತ್ರೆಯಲ್ಲಿ ಸಾಲಾಗಿ ಇಡುತ್ತಾರೆ. ನಡುನಡುವೆ ರಟ್ಟು. ರಟ್ಟು ಸರಿಸಿದಾಗ ಪಕ್ಕದ ಮೀನು ಕಾಣುತ್ತದೆ, ಕೂಡಲೇ ಕಿವಿರಿನ ಮುಚ್ಚಳ ಅರಳಿಸಿ, ರೆಕ್ಕೆ ಪೂರ್ತಿ ಬಿಚ್ಚಿ ನಿಲ್ಲುತ್ತದೆ. ಅಂಕ ಬೀಳುವುದು ಆ ಹೊತ್ತಿನ ನಿಲುವಿಗೆ. ಉಬ್ಬದೆ ಮೂಲೆಯಲ್ಲಿ ಮುದುಡಿದ ಮೀನು ಎಷ್ಟೇ ಚೆಂದವಿದ್ದರೂ ಹಿಂದೆ ಬೀಳುತ್ತದೆ. ಜಗಳದ ಹುಮ್ಮಸ್ಸು ಬೇಕು, ಜಗಳ ಬೇಡ. ನಮ್ಮ ಯಕ್ಷಗಾನದ ಬಣ್ಣದ ವೇಷದ ಹಾಗೆ. ಆರ್ಭಟ ನಿಜ, ಹೊಡೆತ ಬೀಳುವುದಿಲ್ಲ.

ಈ ಮೀನಿನಲ್ಲಿ ಮುಖ್ಯವಾಗಿ ನೋಡುವುದು ಮೂರು ರೆಕ್ಕೆ: ಬೆನ್ನಿನದು, ಬಾಲದ್ದು, ಹೊಟ್ಟೆಯಡಿ ಹಿಂದಕ್ಕೆ ಚಾಚಿದ್ದು. ಬಾಲವನ್ನು ಪೂರ್ತಿ ಬಿಚ್ಚಿದಾಗ ಅದರ ಮೇಲಂಚಿಗೂ ಕೆಳಗಂಚಿಗೂ ನಡುವಿನ ಕೋನ ಸರಿಯಾಗಿ 180 ಡಿಗ್ರಿ ಬಂದರೆ ಅದು ಹಾಫ್‌ಮೂನ್, ಅರ್ಧಚಂದ್ರ. ಇಂಗ್ಲಿಷಿನ ಡಿ ಅಕ್ಷರ ನೆನಪಿಸಿಕೊಳ್ಳಿ. ಅಂಚು ನೆಟ್ಟಗೆ, ಮೂಲೆ ಚೂಪಾಗಿ ಇರಬೇಕು, ಮೂಲೆ ದುಂಡಾದರೆ ಅಂಕ ಕಳೆಯುತ್ತಾರೆ. ಕೋನ ಕಡಿಮೆಯಾದರೆ ಡೆಲ್ಟಾ, ಅರ್ಧಚಂದ್ರಕ್ಕೆ ಹತ್ತಿರ ಬಂದರೆ ಸೂಪರ್ ಡೆಲ್ಟಾ. ಈ ಅರ್ಧಚಂದ್ರ ಹಳೆಯದಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ತಳಿಗಳನ್ನು ಹಿಡಿದು ರಾಜೀವ್ ಮಸಿಲಮಣಿ, ಲೋರಾಂ ಶೆನೊ, ಫ್ರಾನ್ಸಿನ ಗೀ ದೆಲಾವಲ್ ಮುಂತಾದವರು ವರ್ಷಗಟ್ಟಲೆ ಬೆವರು ಸುರಿಸಿ ಸಾಧಿಸಿದ್ದು.

ಕ್ರೌನ್‌ಟೈಲ್ ಹುಟ್ಟಿದ್ದು ಇಂಡೋನೇಷ್ಯದಲ್ಲಿ, 1990ರ ದಶಕದಲ್ಲಿ. ಇದರಲ್ಲಿ ರೆಕ್ಕೆಯ ಕಡ್ಡಿಗಳು ಪೊರೆಯನ್ನು ದಾಟಿ ಕಿರೀಟದ ಮೊನೆಗಳಂತೆ ಹೊರಗೆ ನಿಲ್ಲುತ್ತವೆ. ಅಲ್ಲಿನ ಜನ ಇದನ್ನು ಸೆರಿಟ್ ಎಂದರು, ಅಂದರೆ ಹೇನು ತೆಗೆಯುವ ಸೀರಣಿಗೆ! ಕಿರೀಟ ಎನ್ನುವುದು ಆಮೇಲೆ ಇಂಗ್ಲಿಷಿನವರು ಇಟ್ಟದ್ದು. ನಮಗೆ ಸೀರಣಿಗೆಯೇ ಹೆಚ್ಚು ಹಿಡಿಸಿತು. ತೀರ್ಪಿನಲ್ಲಿ ಪೊರೆ ಕಡ್ಡಿಯ ಉದ್ದದ ಮೂರನೇ ಒಂದು ಪಾಲಾದರೂ ಹಿಂದೆ ಸರಿದಿರಬೇಕು, ಮೂರೂ ರೆಕ್ಕೆಯಲ್ಲಿ ಒಂದೇ ಹದದಲ್ಲಿರಬೇಕು. ಬಾಲ ಎರಡಾಗಿ ಸೀಳಿದ ಡಬಲ್‌ಟೈಲ್, ಗಿಡ್ಡರೆಕ್ಕೆಯ ಪ್ಲಾಕಾಟ್ ಇವಕ್ಕೂ ಬೇರೆ ಬೇರೆ ವರ್ಗಗಳಿವೆ.

ಬಣ್ಣದ ವಿಷಯದಲ್ಲಿ ನಮ್ಮೂರಿನವರಿಗೆ ಪಾಠ ಬೇಡ. ಕೋಳಿ ಅಂಕದವರು ಬೊಳ್ಳೆ, ಕಕ್ಕೆ, ಕೆಮ್ಮೈರೆ ಎಂದು ಹುಂಜದ ಬಣ್ಣ ವಿಂಗಡಿಸಿ, ಯಾವ ದಿನ ಯಾವ ಬಣ್ಣಕ್ಕೆ ಗೆಲುವು ಎಂದು ಕುಕ್ಕುಟ ಪಂಚಾಂಗ ತೆರೆದು ನೋಡುತ್ತಾರೆ. ಅಲ್ಲಿ ಬಣ್ಣ ಗೆಲುವಿನ ಸೂಚನೆ. ಬೆಟ್ಟಾ ಮೇಜಿನಲ್ಲಿ ಬಣ್ಣವೇ ಪಂದ್ಯ. ಒಂದೇ ಬಣ್ಣದ ವರ್ಗದಲ್ಲಿ ಕೆಂಪು ಮೀನಿನ ಮೇಲೆ ನೀಲಿ ಮಿಂಚು ಕಂಡರೆ ದೋಷ, ನೀಲಿಯ ರೆಕ್ಕೆಯಲ್ಲಿ ಕೆಂಪು ಹರಡಿದ್ದರೆ ದೋಷ. ಟಾರ್ಚು ಹಿಡಿದು ನೋಡುತ್ತಾರೆ. ಬಟರ್‌ಫ್ಲೈ ವರ್ಗದಲ್ಲಿ ರೆಕ್ಕೆಯ ಒಳಗಿನ ಅರ್ಧ ಒಂದು ಬಣ್ಣ, ಹೊರಗಿನ ಅರ್ಧ ಇನ್ನೊಂದು. ಗಡಿರೇಖೆ ಸ್ಪಷ್ಟವಾಗಿರಬೇಕು. ಗಡಿಯಲ್ಲಿ ಬದುಕುವ ನಮಗೆ ಗಡಿ ಅಷ್ಟು ಸ್ಪಷ್ಟ ಇರುವುದಿಲ್ಲ ಎಂದು ಗೊತ್ತು, ಮೀನಿಗೂ ಅದು ಕಷ್ಟವೇ. ಕಲೆಕಲೆಯಾದ ಮಾರ್ಬಲ್ ಬಣ್ಣದ ತಳಿಯನ್ನು 1960ರ ದಶಕದಲ್ಲಿ ಬೆಳೆಸಿದವನು ಅಮೆರಿಕದ ಇಂಡಿಯಾನ ಜೈಲಿನ ಒಬ್ಬ ಕೈದಿ. ಆ ಮೀನುಗಳು ಬದುಕಿದಷ್ಟು ದಿನವೂ ಕಲೆಯ ಜಾಗ ಬದಲಾಯಿಸುತ್ತಲೇ ಇರುತ್ತವೆ. ಇಂದು ಬಹುಮಾನ ಪಡೆದದ್ದು ನಾಳೆ ಬೇರೆ ವರ್ಗಕ್ಕೆ ಹೋದೀತು.

ಹತ್ತನೇ ತರಗತಿಯವರಿಗೆ ಬೇಕಾದ ಸಂಗತಿ ನೀಲಿಯಲ್ಲಿದೆ. ಸಂಜೆಮಲ್ಲಿಗೆಯಲ್ಲಿ ಕೆಂಪು ಮತ್ತು ಬಿಳಿ ಸೇರಿ ಗುಲಾಬಿ ಬಣ್ಣ ಬರುವ ಪಾಠ ನೆನಪಿದೆಯಲ್ಲ? ಇಲ್ಲೂ ಹಾಗೆಯೇ. ಹಸಿರು ಮಿಂಚಿನ ಮೀನಿಗೂ ಉಕ್ಕಿನ ಬಣ್ಣದ ಮೀನಿಗೂ ಹುಟ್ಟಿದ ಮರಿಗಳೆಲ್ಲ ಕಡುನೀಲಿ. ಆದರೆ ಕಡುನೀಲಿಗೆ ಕಡುನೀಲಿ ಕೂಡಿಸಿದರೆ ಮರಿಗಳಲ್ಲಿ ಅರ್ಧ ಮಾತ್ರ ನೀಲಿ. ಕಾಲು ಹಸಿರು, ಕಾಲು ಉಕ್ಕು. ಅಂದರೆ ಬಹುಮಾನ ಗೆದ್ದ ನೀಲಿ ಜೋಡಿ ತನ್ನಂಥದ್ದೇ ಮಕ್ಕಳನ್ನು ಮಾತ್ರ ಕೊಡುವುದೇ ಇಲ್ಲ. ಅಮೆರಿಕದಲ್ಲಿ ಗುಡ್‌ರಿಚ್ ಮತ್ತು ಮರ್ಸರ್ 1934ರಲ್ಲೇ ಈ ಮೀನಿನ ಬಣ್ಣಗಳ ಅನುವಂಶೀಯತೆಯ ಬಗ್ಗೆ ಬರೆದಿದ್ದರು. ಕಪ್ಪಿನದು ಇನ್ನೂ ಸೋಜಿಗ. ಮೆಲಾನೊ ಎಂಬ ಅಚ್ಚಗಪ್ಪು ತಳಿಯ ಹೆಣ್ಣಿನ ಮೊಟ್ಟೆಗಳು ಮರಿಯಾಗುವುದಿಲ್ಲ. ಕಪ್ಪು ಗಂಡಿಗೆ ಬೇರೆ ಬಣ್ಣದ ಹೆಣ್ಣು ತಂದೇ ಕಪ್ಪಿನ ವಂಶ ಉಳಿಸಬೇಕು.

ಇಷ್ಟೆಲ್ಲ ಓದಿ, ಕಾಳಗ ಬಿಟ್ಟು ಚೆಲುವಿಗೆ ಬಂದದ್ದು ಮೀನಿಗೆ ಒಳ್ಳೆಯದೇ ಆಯಿತು ಎಂದು ಮಕ್ಕಳಿಗೆ ಹೇಳಲು ಹೊರಟಿದ್ದೆವು. ಪೂರ್ತಿ ಹಾಗೆ ಹೇಳುವಂತಿಲ್ಲ. ರೆಕ್ಕೆ ದೊಡ್ಡದಾದಷ್ಟೂ ಮೀನಿಗೆ ಎಳೆಯುವ ಭಾರ ಹೆಚ್ಚು. ಕೆಲವು ತಮ್ಮ ಬಾಲವನ್ನು ತಾವೇ ಕಚ್ಚಿ ಹರಿದುಕೊಳ್ಳುತ್ತವೆ. ಡ್ರ್ಯಾಗನ್ ಎಂಬ ದಪ್ಪ ಬೆಳ್ಳಿಹೊಪ್ಪಳೆಯ ತಳಿಯಲ್ಲಿ ಆ ಹೊಪ್ಪಳೆ ಕಣ್ಣಿನ ಮೇಲೂ ಬೆಳೆದು ಕುರುಡಾಗುವುದುಂಟು. ಸಂಘದ ನಿಯಮ ಇಂಥದ್ದನ್ನು ಸ್ವಲ್ಪ ತಡೆಯುತ್ತದೆ. ಕಡ್ಡಿಗಳು ಲೆಕ್ಕವಿಲ್ಲದೆ ಕವಲೊಡೆದು ಗುಲಾಬಿ ಪಕಳೆಯಂತೆ ಮಡಿಕೆ ಬಿದ್ದ ರೆಕ್ಕೆ ನೋಡುಗರಿಗೆ ಬಲು ಚೆಂದ, ತೀರ್ಪುಗಾರನಿಗೆ ದೋಷ. ಈ ನಿಯಮ ಬರೆದವರಿಗೆ ನಮ್ಮ ನಮಸ್ಕಾರ. ಆದರೆ ಕೊಳ್ಳುವವರು ನಿಯಮ ನೋಡುವುದಿಲ್ಲ, ಚೆಂದ ನೋಡುತ್ತಾರೆ. 2019ರಲ್ಲಿ ಥಾಯ್ಲೆಂಡ್ ಈ ಮೀನನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ನಮ್ಮಲ್ಲಿ ಅದು ಈಗಲೂ ಅಂಗೈಯಗಲದ ಪ್ಲಾಸ್ಟಿಕ್ ಲೋಟದಲ್ಲಿ ಮಾರಾಟಕ್ಕೆ ಕೂತಿರುತ್ತದೆ.

ಕೊನೆಗೆ ನಾವು ಮಾಡಿದ್ದು ಇಷ್ಟು. ಶಾಲೆಯ ಹಳೆಯ ಗಾಜಿನ ತೊಟ್ಟಿಗಳೆರಡನ್ನು ತೊಳೆದು ಮೀನುಗಳನ್ನು ಬೇರೆ ಬೇರೆ ಬಿಟ್ಟೆವು. ನಡುವೆ ಕ್ಯಾಲೆಂಡರಿನ ರಟ್ಟು. ಶನಿವಾರ ಬೆಳಗ್ಗೆ ಎರಡು ನಿಮಿಷ ಮಾತ್ರ ರಟ್ಟು ತೆಗೆಯುವುದು, ಆಗ ಜಾಮೆಟ್ರಿ ಪೆಟ್ಟಿಗೆಯ ಕೋನಮಾಪಕವನ್ನು ಗಾಜಿಗೆ ಹಿಡಿದು ಅಳೆಯುವುದು. ನೀಲಿಯದು 150ರ ಆಸುಪಾಸು, ಸೂಪರ್ ಡೆಲ್ಟಾ ಎಂದು ಮಕ್ಕಳೇ ತೀರ್ಮಾನಿಸಿದರು. ಬೆನ್ನುರೆಕ್ಕೆಯ ಕೆಂಪಿಗೆ ಅಂಕ ಕಳೆಯಬೇಕೇ ಬೇಡವೇ ಎಂದು ದೊಡ್ಡ ಚರ್ಚೆಯೇ ಆಯಿತು, ಮಲಯಾಳ ತುಳು ಕನ್ನಡ ಮೂರರಲ್ಲೂ.

ಕೆಂಪು ಮೀನಿನ ಬಾಲ ಮೆಲ್ಲಮೆಲ್ಲಗೆ ಬೆಳೆಯಿತು. ಹೊಸದಾಗಿ ಬಂದ ಭಾಗ ಮೊದಮೊದಲು ಬಣ್ಣವಿಲ್ಲದೆ ಪಾರದರ್ಶಕವಾಗಿತ್ತು. ಒಂದು ಶನಿವಾರ ಅದರ ಒಡೆಯ ಬಂದು, "ಮಾಷ್ಟ್ರೇ, ಇದನ್ನು ಬಟರ್‌ಫ್ಲೈ ವರ್ಗಕ್ಕೆ ಸೇರಿಸಬಹುದಾ?" ಎಂದು ಕೇಳಿದ. ಹರಿದು ಬೆಳೆದದ್ದು ಲೆಕ್ಕಕ್ಕಿಲ್ಲ ಎಂದೆವು. ಅವನು ಒಪ್ಪಲಿಲ್ಲ, ಅಪೀಲು ಹಾಕುತ್ತೇನೆ ಎಂದ.