ಸಾಲೂರು ಮಠವೂ ನಮ್ಮ ತಾಳವಾಡಿಯೂ

ಮಲೆ ಮಾದಪ್ಪನ ಬೆಟ್ಟಕ್ಕೆ ನಮ್ಮೋರು ವರ್ಷವರ್ಷ ಹೋಯ್ತಾರೆ. ಕೈ ಮುಗಿದು, ಲಾಡು ಪ್ರಸಾದ ತಕ್ಕೊಂಡು ಬಸ್ಸು ಹತ್ತುತಾರೆ. ಅಲ್ಲಿನ ಸಾಲೂರು ಮಠದ ಕಡೆ ತಿರುಗೋರು ಕಡಿಮೆ. ಈ ಸಲ ನಾನು ಆ ಮಠ ನೋಡಲೆಂದೇ ಹೋಗಿದ್ದೆ.

ಮಾದೇಶ್ವರರು 14-15ನೇ ಶತಮಾನದವರು ಎಂದು ತಿಳಿದವರು ಹೇಳುತ್ತಾರೆ. ಅವರ ಚರಿತ್ರೆ ಹೆಚ್ಚಾಗಿ ಉಳಿದಿರೋದು ಕಂಸಾಳೆಯವರ ಬಾಯಲ್ಲಿ. ಉತ್ತರದೇಶದಿಂದ ಬಂದರು, ಸುತ್ತೂರು ಮಠದಲ್ಲಿ ರಾಗಿ ಬೀಸಿದರು, ಕುಂತೂರು ಮಠ ಕಂಡು ಏಳುಮಲೆ ಸೇರಿದರು ಅಂತ ಹಾಡ್ತೀವಿ. ಹಾಡಲ್ಲಿ ಪವಾಡ ಬೇಕಾದಷ್ಟಿವೆ. ಆದರೆ ಸುತ್ತೂರು, ಕುಂತೂರು, ಕಾವೇರಿ ದಂಡೆಯ ಆಲಂಬಾಡಿ ಎಲ್ಲವೂ ಇವತ್ತೂ ಇರುವ ಊರುಗಳೇ. ದೇವಸ್ಥಾನ ಕಟ್ಟಿಸಿದ ಜುಂಜೇಗೌಡ, ಸೋಲಿಗರ ಸಂಕಮ್ಮ, ಪೂಜೆ ಮಾಡುವ ಬೇಡಗಂಪಣರು, ಇವರೆಲ್ಲ ದುಡಿದು ತಿಂದ ಜನ. ಅರಮನೆಯ ಶಾಸನದಲ್ಲಿ ಇಂಥವರ ಹೆಸರು ಹುಡುಕಿದರೆ ಸಿಕ್ಕೋದು ಕಷ್ಟ. ಹಾಡಲ್ಲಿ ಸಿಕ್ತದೆ.

ಮಠದ ದಾಸೋಹದಲ್ಲಿ ಊಟಕ್ಕೆ ಕೂತಾಗ ಪಕ್ಕದವರು "ಯಾವ ರಾಜ್ಯ?" ಅಂದರು. ತಮಿಳುನಾಡು ಅಂದೆ. "ಕನ್ನಡ ಚೆನ್ನಾಗಿ ಆಡ್ತೀರಲ್ಲ!" ಅಂದರು. ನಗು ಬಂತು.

ಇದನ್ನು ನಮ್ಮ ಮಕ್ಕಳೂ ತಿಳೀಬೇಕು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಕಂಪನಿಯವರ ಕೈಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ನಮ್ಮ ತಾಳವಾಡಿಯೂ ಅದೇ ಜಿಲ್ಲೆ. ಬೆಟ್ಟವೂ ನಾವೂ ಒಂದೇ ಕಚೇರಿಗೆ ಕಂದಾಯ ಕಟ್ಟಿದೋರು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಹೋಯ್ತು, ತಾಳವಾಡಿ ಇಲ್ಲೇ ನಿಂತಿತು. ನಾವು ಎಲ್ಲಿಂದಲೋ ವಲಸೆ ಬಂದೋರಲ್ಲ. ಗೆರೆ ನಮ್ಮ ನಡುವೆ ಬಂತು.

ಗೆರೆ ಬಂದರೂ ಹಾಡು ನಿಲ್ಲಲಿಲ್ಲ. ಈಗ ನಿಲ್ಲುವ ಹಂಗೆ ಕಾಣ್ತದೆ. ಡಾ. ಪಿ.ಕೆ. ರಾಜಶೇಖರ ಅವರು ಮಾದಪ್ಪನ ಕಾವ್ಯವನ್ನು ಹಾಡುಗಾರರಿಂದ ಕೇಳಿ ಬರೆದು ಪುಸ್ತಕ ಮಾಡಿದರು. ಆದರೆ ಅಕ್ಷರ ಬಾರದ ನಮ್ಮ ಅಜ್ಜಂದಿರಿಗೆ ಹಾಡು ಬರ್ತಿತ್ತು. ಬೇರೆ ಭಾಷೆಯಲ್ಲಿ ಓದುವ ಮೊಮ್ಮಕ್ಕಳಿಗೆ ಹಾಡೂ ಬರಲ್ಲ, ಕನ್ನಡ ಅಕ್ಷರವೂ ಬರಲ್ಲ. ಪುಸ್ತಕ ಇದ್ದರೂ ಓದೋರು ಯಾರು?

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ನಕ್ಷೆ ಪಾಠ ಮಾಡುವಾಗ ಸುತ್ತೂರಿನಿಂದ ಏಳುಮಲೆವರೆಗೆ ಮಾದಪ್ಪ ನಡೆದ ದಾರಿಯನ್ನೂ ಮಕ್ಕಳ ಕೈಲಿ ಬರೆಸಿ, ಊರಿನ ಹೆಸರು ಕನ್ನಡದಲ್ಲೇ ಇರಲಿ. ಶನಿವಾರ ಸಂಜೆ ನಾನು ಕಂಸಾಳೆ ಹಿಡಿದು ವಾಚನಾಲಯದ ಜಗುಲೀಲಿ ಕೂರ್ತೀನಿ. ಕಲಿಯೋ ಮಕ್ಕಳನ್ನು ಕಳಿಸಿ.