ಕ್ಯಾಮೆರಾದ ಮೇಲೆ ಗೂಢಚಾರನ ನೆರಳು

ಮಹಾರಾಷ್ಟ್ರದ ವರ್ಧಾ ಪಟ್ಟಣ. 2018ರಲ್ಲಿ ಅಲ್ಲಿನ ನಿವಾಸಿಯೊಬ್ಬರು ನೆರೆಮನೆಯವರೊಡನೆ ಜಗಳವಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಠಾಣೆಯೊಳಗೆ ನಡೆದ ಮಾತುಕತೆಯನ್ನು ಚಿತ್ರೀಕರಿಸಿಕೊಂಡರು. ಇದಕ್ಕಾಗಿ ಪೊಲೀಸರು ಅವರ ಮೇಲೆಯೇ ಮೊಕದ್ದಮೆ ದಾಖಲಿಸಿದರು. ಅದೂ ಗೂಢಚಾರರನ್ನು ಹಿಡಿಯಲು ಬ್ರಿಟಿಷರು ರೂಪಿಸಿದ್ದ 1923ರ ಅಧಿಕೃತ ರಹಸ್ಯ ಕಾಯ್ದೆಯಡಿ!

ನೆರೆಹೊರೆಯ ಜಗಳಕ್ಕೂ ಬೇಹುಗಾರಿಕೆಗೂ ಏನು ಸಂಬಂಧ? ಉತ್ತರಕ್ಕಾಗಿ ನೂರು ವರ್ಷಗಳಿಗೂ ಹಿಂದೆ ಹೋಗಬೇಕು.

ಆರಂಭದಲ್ಲಿ ಛಾಯಾಗ್ರಹಣ ಗುಟ್ಟಾಗಿ ಮಾಡುವ ಕೆಲಸವಾಗಿರಲಿಲ್ಲ. ಭಾರವಾದ ಮರದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ಗಾಜಿನ ಫಲಕಗಳನ್ನು ಹೊತ್ತು ಹೊರಟವನನ್ನು ಊರೇ ನೋಡುತ್ತಿತ್ತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಕೊಡಕ್ ಕ್ಯಾಮೆರಾ ಈ ಸ್ಥಿತಿಯನ್ನು ಬದಲಿಸಿತು. ಕೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆ; ಒಳಗೆ ನೂರು ಚಿತ್ರಗಳಿಗೆ ಸಾಲುವ ಸುರುಳಿ. ಮರುವರ್ಷ, 1889ರಲ್ಲಿ, ಬ್ರಿಟನ್ ಮತ್ತು ಭಾರತಗಳೆರಡರಲ್ಲೂ ಸರ್ಕಾರಿ ರಹಸ್ಯಗಳನ್ನು ಕಾಯುವ ಶಾಸನಗಳು ಬಂದವು. ಒಂದು ಮತ್ತೊಂದಕ್ಕೆ ಕಾರಣವಲ್ಲ. ಆದರೆ ಮುಂದೆ ಇವೆರಡರ ದಾರಿಗಳೂ ಕೂಡಿದವು.

1911ರಲ್ಲಿ ಜರ್ಮನಿಯ ಯುದ್ಧನೌಕೆಯೊಂದು ಮೊರಾಕ್ಕೋದ ಅಗಾದಿರ್ ಬಂದರಿಗೆ ಬಂದಾಗ ಯೂರೋಪು ಯುದ್ಧದ ಅಂಚಿಗೆ ಸರಿಯಿತು. ಜರ್ಮನ್ ಗೂಢಚಾರರ ಭಯ ಬ್ರಿಟನ್ನನ್ನು ಆವರಿಸಿತ್ತು. ಆ ಭಯದಲ್ಲೇ ಅಲ್ಲಿನ ಕಾಮನ್ಸ್ ಸಭೆ ಒಂದೇ ಮಧ್ಯಾಹ್ನ ಹೊಸ ರಹಸ್ಯ ಕಾಯ್ದೆಗೆ ಒಪ್ಪಿಗೆ ನೀಡಿತು. ಅದರ ಮಾದರಿಯಲ್ಲೇ ಬಂದದ್ದು ಭಾರತದ 1923ರ ಕಾಯ್ದೆ. ಇದರ ಪ್ರಕಾರ 'ನಕಾಶೆ' ಎಂದರೆ ಛಾಯಾಚಿತ್ರವೂ ಹೌದು. ಶಸ್ತ್ರಾಗಾರ, ಸೇನಾನೆಲೆ, ನೌಕಾನೆಲೆ ಮುಂತಾದವು 'ನಿಷೇಧಿತ ಸ್ಥಳ'ಗಳು. ರಕ್ಷಣೆಗೆ ಸಂಬಂಧಿಸಿದ ಅಪರಾಧಕ್ಕೆ 14 ವರ್ಷಗಳವರೆಗೆ ಸೆರೆಮನೆ.

ಬ್ರಿಟಿಷರು ಹೋದರು, ಕಾಯ್ದೆ ಉಳಿಯಿತು. ಬೇಹುಗಾರಿಕೆಯ ಅಪರಾಧಕ್ಕೆ ರಾಷ್ಟ್ರದ ಭದ್ರತೆಗೆ ಇಲ್ಲವೇ ಹಿತಕ್ಕೆ ಧಕ್ಕೆ ತರುವ ಉದ್ದೇಶವಿರಬೇಕು ಎಂದು ಅದರಲ್ಲೇ ಹೇಳಿದೆ. ಆದರೆ ಆಡಳಿತದ ಮನಸ್ಸಿನಲ್ಲಿ ಉಳಿದದ್ದು ಉದ್ದೇಶದ ಮಾತಲ್ಲ, ಕ್ಯಾಮೆರಾದ ಮೇಲಿನ ಗುಮಾನಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಜರ್ಮನ್ ಗೂಢಚಾರನಿಗೆಂದು ಹೆಣೆದ ಬಲೆಯನ್ನು ಠಾಣೆಗೆ ಬಂದ ನಾಗರಿಕನ ಮೇಲೆ ಬೀಸಲಾಯಿತು.

2022ರ ಜುಲೈನಲ್ಲಿ ಮುಂಬಯಿ ಹೈಕೋರ್ಟಿನ ನಾಗಪುರ ಪೀಠ ವರ್ಧಾದ ಆ ಮೊಕದ್ದಮೆಯನ್ನು ರದ್ದುಗೊಳಿಸಿತು. ನಿಷೇಧಿತ ಸ್ಥಳಗಳು ಯಾವುವೆಂಬುದನ್ನು ಕಾಯ್ದೆಯೇ ವಿವರಿಸಿದೆ. ಪೊಲೀಸ್ ಠಾಣೆ ಅವುಗಳಲ್ಲಿ ಸೇರಿಲ್ಲ ಎಂಬುದು ಪೀಠದ ತೀರ್ಮಾನ. ಇದಕ್ಕೆ ಮೊದಲೇ, 2020ರ ಡಿಸೆಂಬರಿನಲ್ಲಿ, ದೇಶದ ಪ್ರತಿ ಠಾಣೆಯಲ್ಲೂ ಸಿ.ಸಿ. ಟಿ.ವಿ. ಕ್ಯಾಮೆರಾ ಅಳವಡಿಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತ್ತೆಂಬುದು ಗಮನಾರ್ಹ. ಬಂಧಿತರ ಮೇಲೆ ದೌರ್ಜನ್ಯ ನಡೆಯದಂತೆ ತಡೆಯುವುದೇ ಅದರ ಉದ್ದೇಶ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೂ ಶೋಧನೆ, ಜಪ್ತಿಗಳನ್ನು ಪೊಲೀಸರೇ ಚಿತ್ರೀಕರಿಸಬೇಕೆಂದು ವಿಧಿಸುತ್ತದೆ.

ಹಾಗೆಂದು ಛಾಯಾಗ್ರಾಹಕನಿಗೆ ಕಡಿವಾಣವೇ ಇಲ್ಲವೆಂದಲ್ಲ. ಸೇನಾನೆಲೆಗಳ ನಿಷೇಧ ಇಂದಿಗೂ ಇದೆ. ಮಹಿಳೆಯರ ಖಾಸಗಿ ಕ್ಷಣಗಳನ್ನು ಕದ್ದು ಚಿತ್ರೀಕರಿಸುವುದು 2013ರಿಂದ ಪ್ರತ್ಯೇಕ ಅಪರಾಧ. ಆದರೆ ಸಾರ್ವಜನಿಕ ರಸ್ತೆಯಲ್ಲಿ ನಿಂತು ಚಿತ್ರ ತೆಗೆಯುವುದೇ ಅಪರಾಧವೆನ್ನುವ ಕಾಯ್ದೆ ದೇಶದಲ್ಲಿಲ್ಲ.

ಕಾಯ್ದೆಯ ಪುಟದಲ್ಲಿ ಠಾಣೆಯ ಹೆಸರಿಲ್ಲ ಎಂಬುದನ್ನು ಓದಿ ತಿಳಿಯಲು ನಿಮಿಷಗಳು ಸಾಕು. ವರ್ಧಾದ ಆ ವ್ಯಕ್ತಿಗೆ ಅಷ್ಟನ್ನು ಹೇಳಿಸಿಕೊಳ್ಳಲು ನಾಲ್ಕು ವರ್ಷ ಬೇಕಾಯಿತು.